ಬೇಸರ ಹೇಳಿಕೊಳ್ಳೋಕೆ ಯಾವ ಭಾಷೆ? ಜಾವಾದ ಯುವಜನರ ಮನಸ್ಸು ಮತ್ತು ಸಂಸ್ಕೃತಿ

(ಮನಶ್ಶಾಸ್ತ್ರ ಓದುವ ವಿದ್ಯಾರ್ಥಿಗಳು ಮತ್ತು ಊರಿನ ಕೆಲವು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಒಂದು ಹಳೇ ಕಾಗದದಿಂದ ಶುರು ಮಾಡುತ್ತೇನೆ. 1899ರ ಆಗಸ್ಟ್ 18ರಂದು ಬರೆದದ್ದು. ಬರೆದವಳು ಇಂಡೊನೇಷ್ಯಾದ ಜಾವಾ ದ್ವೀಪದ ಉತ್ತರ ಕರಾವಳಿಯ ಜೆಪಾರಾ ಊರಿನ ಕಾರ್ತಿನಿ. ಆಗ ಅವಳಿಗೆ ಇಪ್ಪತ್ತು ವರ್ಷ. ಅಪ್ಪ ಆ ಸೀಮೆಯ ಆಡಳಿತಗಾರ. ಹನ್ನೆರಡನೇ ವಯಸ್ಸಿಗೆ ಶಾಲೆ ಬಿಡಿಸಿ, ದೊಡ್ಡ ಮನೆತನದ ಪದ್ಧತಿಯಂತೆ ಅವಳನ್ನು ಮನೆಯೊಳಗೆ ಕೂರಿಸಿದ್ದರು. ಕಾಗದ ಹೋದದ್ದು ಹಾಲೆಂಡಿನಲ್ಲಿದ್ದ ಸ್ಟೆಲ್ಲಾ ಎಂಬ ಪತ್ರಸ್ನೇಹಿತೆಗೆ.

ಅದರಲ್ಲಿ ಮನೆಯ ನಿಯಮಗಳನ್ನು ವಿವರಿಸುತ್ತಾಳೆ. ಅಕ್ಕನ ಮುಂದೆ ಹಾದುಹೋಗಬೇಕಾದರೆ ತಂಗಿ, ತಮ್ಮ ನೆಲದ ಮೇಲೆ ತೆವಳಿಕೊಂಡು ಹೋಗಬೇಕು. ತಂಗಿ ಕುರ್ಚಿಯಲ್ಲಿ ಕೂತಿದ್ದಾಗ ಅಕ್ಕ ಬಂದಳೋ, ತಕ್ಷಣ ನೆಲಕ್ಕೆ ಇಳಿದು ತಲೆ ತಗ್ಗಿಸಿ ಕೂರಬೇಕು. ಮಾತಾಡಿದರೆ ಮೇಲ್ದರ್ಜೆಯ ಭಾಷೆಯಲ್ಲೇ ಮಾತಾಡಬೇಕು. ಒಂದೊಂದು ವಾಕ್ಯ ಮುಗಿದಾಗಲೂ ಕೈಮುಗಿಯಬೇಕು. ಇಷ್ಟು ಹೇಳಿ, ನಾವು ಅಕ್ಕತಂಗಿಯರು ನಮ್ಮೊಳಗೆ ಇದನ್ನೆಲ್ಲ ಬಿಟ್ಟಿದ್ದೇವೆ, ಅದಕ್ಕೇ ಊರವರು ನಮ್ಮನ್ನು ಆಡಿಕೊಳ್ಳುತ್ತಾರೆ ಎನ್ನುತ್ತಾಳೆ.

ಈ ಕಾಗದ ಇರುವುದು ಡಚ್ ಭಾಷೆಯಲ್ಲಿ. ತನ್ನನ್ನು ಆಳುತ್ತಿದ್ದವರ ಭಾಷೆಯಲ್ಲಿ ಈ ಹುಡುಗಿ ತನ್ನ ಮನೆಯ ಸಂಕಟ ತೋಡಿಕೊಂಡಳು. ಸ್ಟೆಲ್ಲಾ ಗೆಳತಿ, ಅವಳಿಗೆ ಸಲುಗೆಯಿಂದ ಬರೆಯಬಹುದಿತ್ತು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಸಂಸ್ಕೃತಿ ಗಟ್ಟಿಯಾಗಿದ್ದರೆ ಹುಡುಗರ ಮನಸ್ಸೂ ಗಟ್ಟಿ, ಸಂಸ್ಕೃತಿ ಬಿಟ್ಟಿದ್ದಕ್ಕೇ ಖಿನ್ನತೆ ಗಿನ್ನತೆ ಎಲ್ಲ ಬಂತು ಅನ್ನುವ ಮಾತು ಎಲ್ಲ ಕಡೆ ಓಡುತ್ತದೆ. ಜಾವಾದಲ್ಲೂ ಹಿರಿಯರು ಇದನ್ನೇ ಹೇಳುತ್ತಾರೆ. ಇದರ ಉಲ್ಟಾ ಮಾತೂ ಇದೆ: ಸಂಪ್ರದಾಯವೇ ಹುಡುಗರ ಉಸಿರು ಕಟ್ಟಿಸುತ್ತಿದೆ ಅಂತ. ನನಗೆ ಎರಡೂ ಅರ್ಧಂಬರ್ಧ ಅನಿಸುತ್ತವೆ. ಜಾವಾ ಸಂಸ್ಕೃತಿಯಲ್ಲಿ ಮನಸ್ಸಿನ ಮಾತನ್ನು ನುಂಗಿಕೊಳ್ಳುವುದಕ್ಕೂ ದಾರಿಗಳಿವೆ, ಹೊರಗೆ ಹಾಕುವುದಕ್ಕೂ ದಾರಿಗಳಿವೆ. ಸರ್ಕಾರ, ಶಾಲೆ, ಮನೆ ಎಲ್ಲ ಸೇರಿ ‘ನಮ್ಮ ಸಂಸ್ಕೃತಿ’ ಅಂತ ಕಲಿಸುತ್ತಿರುವುದು ಮೊದಲನೆಯದನ್ನು ಮಾತ್ರ. ಎರಡನೆಯದನ್ನು ಹುಡುಗರು ತಾವೇ ಹುಡುಕಿಕೊಳ್ಳುತ್ತಿದ್ದಾರೆ. ಇವತ್ತು ಹೇಳಬೇಕೆಂದಿರುವುದು ಇಷ್ಟೇ.

ಯಾರ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದು ಗೊತ್ತಿರಲಿ. 2010ರ ಜನಗಣತಿಯಲ್ಲಿ ಜಾವಾ ಸಮುದಾಯದವರು ಸುಮಾರು 9.5 ಕೋಟಿ. ಇಂಡೊನೇಷ್ಯಾದ ಜನಸಂಖ್ಯೆಯಲ್ಲಿ ಶೇ 40. ಜಾವಾ ದ್ವೀಪದಲ್ಲಿ ಇರುವವರೆಲ್ಲ ಇವರೇ ಅಲ್ಲ. ಪಶ್ಚಿಮದಲ್ಲಿ ಸುಂಡಾ ಜನ ಇದ್ದಾರೆ. ಇವರು ಹೆಚ್ಚಾಗಿ ಇರುವುದು ಮಧ್ಯ ಮತ್ತು ಪೂರ್ವ ಭಾಗದಲ್ಲಿ. ನಾನು ಹೇಳುವುದರಲ್ಲಿ ಬಹುಪಾಲು ಅರಮನೆ ಊರುಗಳಾದ ಯೋಗ್ಯಕರ್ತ ಮತ್ತು ಸೋಲೋ ಸುತ್ತಿನದು. ಸುರಬಾಯ ಕಡೆಯವರು ನೇರ ಮಾತಿಗೆ ಹೆಸರಾದವರು. ಅಲ್ಲಿಯ ಲೆಕ್ಕ ಸ್ವಲ್ಪ ಬೇರೆ.

ಈಗ ಭಾಷೆ. ಜಾವಾ ಭಾಷೆಯಲ್ಲಿ ದರ್ಜೆಗಳಿವೆ. ಗೆಳೆಯರ ನಡುವೆ, ಚಿಕ್ಕವರ ಜೊತೆ ಆಡುವುದು ಙೊಕೊ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ಙ ಅಕ್ಷರಕ್ಕೆ ಅಂತೂ ಒಂದು ಕೆಲಸ ಸಿಕ್ಕಿತು. ಹಿರಿಯರ ಜೊತೆ, ಪರಿಚಯವಿಲ್ಲದವರ ಜೊತೆ ಆಡುವುದು ಕ್ರೊಮೊ. ಹಿರಿಯರಿಗೆ, ಅವರು ಮಾಡುವ ಕೆಲಸಗಳಿಗೆ, ಅವರ ಮೈಕೈಗೆ ಬಳಸುವ ಇನ್ನೂ ಎತ್ತರದ ಪದಗಳಿಗೆ ಕ್ರೊಮೊ ಇಂಗಿಲ್ ಅಂತ ಹೆಸರು. ನಾವು ನೀನು, ನೀವು ಅಂತ ಬದಲಿಸಿ, ಕ್ರಿಯಾಪದದ ಬಾಲ ತಿದ್ದಿಕೊಂಡರೆ ಮರ್ಯಾದೆ ಬಂತು. ಅಲ್ಲಿ ಪದಗಳೇ ಬದಲಾಗುತ್ತವೆ. ಗೆಳೆಯ ಊಟ ಮಾಡಿದರೆ ಮಙನ್. ಕ್ರೊಮೊದಲ್ಲಿ ನೆಡೊ. ಅಜ್ಜ ಊಟ ಮಾಡಿದರೆ ಡಹರ್. ನಿದ್ದೆ, ಮನೆ, ಹೋಗು, ಬಾ, ಕೊಡು ಎಲ್ಲಕ್ಕೂ ಹೀಗೇ. ಇನ್ನೊಂದು ತೊಡಕಿದೆ. ಎತ್ತರದ ಪದವನ್ನು ತನಗೇ ಬಳಸಿಕೊಂಡರೆ ದೊಡ್ಡ ತಪ್ಪು. ‘ನಾನು ಡಹರ್ ಮಾಡಿದೆ’ ಅಂದ ಹುಡುಗನನ್ನು ನೋಡಿ ಮನೆಮಂದಿಯೆಲ್ಲ ನಗುತ್ತಾರೆ.

ಆ ನಗುವಿಗೆ ಬಹಳ ಶಕ್ತಿ ಇದೆ. 1950ರ ದಶಕದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಹಿಲ್ಡ್ರೆಡ್ ಗೀರ್ಟ್ಸ್ ಪೂರ್ವ ಜಾವಾದ ಪಾರೆ ಎಂಬ ಪಟ್ಟಣದಲ್ಲಿದ್ದು, ಅಲ್ಲಿ ಮಕ್ಕಳನ್ನು ಬೆಳೆಸುವ ರೀತಿ ನೋಡಿ ಬರೆದರು. ಮಗು ಮೊದಲು ಕಲಿಯುವುದು ಹೆದರಿಕೆ, ವೆದಿ. ಆಮೇಲೆ ನಾಚಿಕೆ, ಇಸಿನ್. ಕೊನೆಗೆ ಸುಂಕನ್. ಸುಂಕನ್ ಅಂದರೆ ಹೆಚ್ಚುಕಡಿಮೆ ನಮ್ಮ ದಾಕ್ಷಿಣ್ಯ, ಸಂಕೋಚ ಎರಡೂ ಸೇರಿದ ಹಾಗೆ. ಐದು ವರ್ಷದವರೆಗೆ ಮಗು ಅಪ್ಪನ ತೊಡೆಯ ಮೇಲೇ ಇರುತ್ತದೆ. ಆಮೇಲೆ ಅಪ್ಪ ನಿಧಾನವಾಗಿ ದೂರ ಸರಿಯುತ್ತಾನೆ. ಅವನ ಜೊತೆ ತಗ್ಗಿದ ದನಿ, ಅಳೆದು ತೂಗಿದ ಮಾತು. ಅಮ್ಮನ ಜೊತೆ ಸಲುಗೆ ಉಳಿಯುತ್ತದೆ. ಇದೆಲ್ಲ ಎಪ್ಪತ್ತು ವರ್ಷದ ಹಿಂದಿನ ಚಿತ್ರ, ಈಗ ಹಾಗೇ ಇಲ್ಲ. ಆದರೆ ಸುಂಕನ್ ಎಲ್ಲೂ ಹೋಗಿಲ್ಲ. ಇವತ್ತಿನ ಹುಡುಗರ ಬಾಯಲ್ಲೂ ದಿನಕ್ಕೆ ಹತ್ತು ಸಲ ಬರುವ ಮಾತು ಅದು.

ಇದನ್ನು ಸುಮ್ನೆ ದಬ್ಬಾಳಿಕೆ ಅಂತ ತಳ್ಳಿಹಾಕಬೇಡಿ. ಯಾರ ಮುಂದೆ ಹೇಗಿರಬೇಕು ಅಂತ ಗೊತ್ತಿದ್ದರೆ ಒಂದು ನೆಮ್ಮದಿ ಇರುತ್ತದೆ. ಅಕ್ಕಪಕ್ಕದ ಮನೆಯವರು ಜಗಳವಿಲ್ಲದೆ ಒಟ್ಟಿಗಿರುವುದಕ್ಕೆ ಅಲ್ಲಿ ರುಕುನ್ ಅನ್ನುತ್ತಾರೆ. ಅದು ಬರೀ ಆದರ್ಶ ಅಲ್ಲ. 2006ರ ಮೇ 27ರ ಬೆಳಗಿನ ಜಾವ ಯೋಗ್ಯಕರ್ತದ ದಕ್ಷಿಣಕ್ಕಿರುವ ಬಂತುಲ್ ಸುತ್ತ ಭೂಕಂಪವಾಗಿ 5,000ಕ್ಕೂ ಹೆಚ್ಚು ಜನ ಸತ್ತರು. ಆಗ ಹಳ್ಳಿಯವರೇ ಸೇರಿ ಒಬ್ಬೊಬ್ಬರ ಮನೆ ಎತ್ತಿ ನಿಲ್ಲಿಸಿದರು. ಬಂದದ್ದನ್ನು ಒಪ್ಪಿಕೊಳ್ಳುವ ಗುಣಕ್ಕೆ ನ್ರಿಮೊ ಅಂತ ಹೆಸರು. ಅಂಥ ಹೊತ್ತಿನಲ್ಲಿ ನ್ರಿಮೊ ನಿಜವಾಗಿ ಕೈಹಿಡಿಯುತ್ತದೆ.

ಸಾವಿನ ಮುಂದೆ ನ್ರಿಮೊ ಸರಿ. ಸಂಬಳದ ಮುಂದೆ? 2023ರಲ್ಲಿ ಯೋಗ್ಯಕರ್ತ ಪ್ರಾಂತ್ಯದ ಕನಿಷ್ಠ ವೇತನ ತಿಂಗಳಿಗೆ ಸುಮಾರು 19.8 ಲಕ್ಷ ರೂಪಿಯಾ. ಜಕಾರ್ತದಲ್ಲಿ 49 ಲಕ್ಷ. ಓದಿಗೆ ಹೆಸರಾದ ಊರು, ಅಷ್ಟು ವಿಶ್ವವಿದ್ಯಾಲಯಗಳಿವೆ, ಸಂಬಳ ಮಾತ್ರ ದೇಶದಲ್ಲೇ ತೀರಾ ಕಡಿಮೆ. ಅಲ್ಲಿಯ ಹುಡುಗರು ಈಗ ‘ನ್ರಿಮೊ ಇಂಗ್ ಪಂದುಮ್’ ಅನ್ನುವ ಹಿರಿಯರ ಮಾತನ್ನು, ಅಂದರೆ ‘ಪಾಲಿಗೆ ಬಂದದ್ದೇ ಪಂಚಾಮೃತ’ವನ್ನು, ವ್ಯಂಗ್ಯಕ್ಕೆ ಬಳಸುತ್ತಾರೆ. ನನಗೆ ಆ ವ್ಯಂಗ್ಯ ಆರೋಗ್ಯದ ಲಕ್ಷಣ ಅನಿಸುತ್ತದೆ.

ಭಾಷೆಗೆ ವಾಪಸ್ ಬರೋಣ. 1928ರ ಅಕ್ಟೋಬರ್ 28ರಂದು ಯುವಕರ ಸಮ್ಮೇಳನವೊಂದು ಒಂದು ನಾಡು, ಒಂದು ಜನ, ಒಂದು ಭಾಷೆ ಅಂತ ಪ್ರತಿಜ್ಞೆ ಮಾಡಿತು. ಆ ಭಾಷೆ ದೇಶದ ಅತಿದೊಡ್ಡ ಸಮುದಾಯದ ಜಾವಾ ಭಾಷೆ ಆಗಲಿಲ್ಲ. ಮಲಯ್ ಭಾಷೆಯಿಂದ ಬೆಳೆದ ಇಂಡೊನೇಷ್ಯನ್ ಆಯಿತು. ಅದರಲ್ಲಿ ಈ ಮೇಲು ಕೀಳಿನ ಮೆಟ್ಟಿಲುಗಳಿಲ್ಲ ಅನ್ನುವುದೂ ಒಂದು ಅನುಕೂಲವಾಗಿತ್ತು. ಇವತ್ತು ಅದರ ಫಲ ಮನೆಮನೆಯಲ್ಲಿ ಕಾಣುತ್ತದೆ. ಹುಡುಗರಿಗೆ ಙೊಕೊ ಸರಾಗ. ಕ್ರೊಮೊ ತಪ್ಪಿದರೆ ನಗೆಪಾಟಲಾಗುವ ಭಯ. ಹಾಗಾಗಿ ಅಜ್ಜನ ಹತ್ತಿರ, ಎಷ್ಟೋ ಸಲ ಅಪ್ಪನ ಹತ್ತಿರವೂ, ಇಂಡೊನೇಷ್ಯನ್‌ಗೆ ಜಾರಿಕೊಳ್ಳುತ್ತಾರೆ. ಮಗ್ಗಿ ತಪ್ಪಿದರೆ ಮೇಷ್ಟ್ರು ಬೈಯುತ್ತಾರೆ, ಅಷ್ಟೇ. ಕ್ರೊಮೊ ತಪ್ಪಿದರೆ ಅಪ್ಪಅಮ್ಮ ಕಲಿಸಲಿಲ್ಲ ಅಂತಾಗುತ್ತದೆ. ತಪ್ಪು ಮಾತಾಡುವುದಕ್ಕಿಂತ ಮಾತೇ ಆಡದಿರುವುದು ವಾಸಿ ಅಂತ ಹುಡುಗ ತೀರ್ಮಾನಿಸುತ್ತಾನೆ.

ಇದು ಕಣ್ಣಿಗೆ ಕಾಣುವುದು ಈದ್ ದಿನ ನಡೆಯುವ ಸುಂಕೆಮನ್‌ನಲ್ಲಿ. ದೂರದೂರಿಂದ ಮಕ್ಕಳು ಮೊಮ್ಮಕ್ಕಳೆಲ್ಲ ಊರಿಗೆ ಬಂದಿರುತ್ತಾರೆ. ಅಜ್ಜ ಅಜ್ಜಿ ಕುರ್ಚಿಯಲ್ಲಿ ಕೂತಿರುತ್ತಾರೆ. ವಯಸ್ಸಿನ ಪ್ರಕಾರ ಒಬ್ಬೊಬ್ಬರೇ ಬಗ್ಗಿ ನಡೆದು ಬಂದು, ಮಂಡಿಯೂರಿ, ಅಜ್ಜಿಯ ಕೈ ಹಿಡಿದು, ಅವಳ ಮೊಣಕಾಲಿಗೆ ಹಣೆ ತಾಗಿಸುತ್ತಾರೆ. ಆಗ ಕ್ರೊಮೊದಲ್ಲಿ ಒಂದು ಮಾತು ಹೇಳಬೇಕು: ಹಬ್ಬದ ಶುಭಾಶಯ, ನನ್ನ ತಪ್ಪುಗಳನ್ನೆಲ್ಲ ಕ್ಷಮಿಸಿ. ಸರದಿಯಲ್ಲಿ ಹಿಂದೆ ನಿಂತ ಹುಡುಗರು ಇದನ್ನು ಬಾಯಲ್ಲೇ ಉರು ಹಾಕುತ್ತಾರೆ. ಕೆಲವರು ಮೊಬೈಲ್ ನೋಡಿಕೊಳ್ಳುತ್ತಾರೆ. ಮಂಡಿಯೂರಿದ ಮೇಲೆ ಅರ್ಧಕ್ಕೇ ಮರೆತು ಇಂಡೊನೇಷ್ಯನ್‌ನಲ್ಲಿ ಮುಗಿಸುವವರೂ ಇದ್ದಾರೆ. ಅಜ್ಜಿ ತಲೆ ಸವರಿ ಹರಸುತ್ತಾಳೆ. ಬಹಳ ಮನೆಗಳಲ್ಲಿ ಎಲ್ಲರೂ ಅಳುತ್ತಾರೆ. ನಾಟಕದ ಅಳು ಅಲ್ಲ.

ಯಾವ ತಪ್ಪು ಅಂತ ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ವರ್ಷವಿಡೀ ಮಾತು ಬಿಟ್ಟಿದ್ದ ಅಪ್ಪ ಮಗನಿಗೆ ಇದು ದೊಡ್ಡ ಉಪಕಾರ. ವಿಷಯ ಎತ್ತದೆಯೇ ರಾಜಿ ಆಗಬಹುದು. ಆದರೆ ಪರೀಕ್ಷೆ ಬಿಟ್ಟಿದ್ದೇನೆ, ರಾತ್ರಿ ನಿದ್ದೆ ಬರುತ್ತಿಲ್ಲ, ಬದುಕೋದೇ ಬೇಡ ಅನಿಸುತ್ತಿದೆ ಅನ್ನುವ ಹುಡುಗನಿಗೆ ಆ ಸಿದ್ಧ ವಾಕ್ಯದೊಳಗೆ ಜಾಗ ಇಲ್ಲ.

ಅಂಥವರು ಎಷ್ಟಿದ್ದಾರೆ? ಯೋಗ್ಯಕರ್ತದ ಗಜಾಃ ಮಾದಾ ವಿಶ್ವವಿದ್ಯಾಲಯ ಬೇರೆ ವಿಶ್ವವಿದ್ಯಾಲಯಗಳ ಜೊತೆ ಸೇರಿ ಹದಿಹರೆಯದವರ ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಮೀಕ್ಷೆ ಮಾಡಿ 2022ರಲ್ಲಿ ಪ್ರಕಟಿಸಿತು. ಇದು ಇಡೀ ಇಂಡೊನೇಷ್ಯಾದ್ದು, ಜಾವಾದವರದ್ದು ಮಾತ್ರ ಅಲ್ಲ. 10ರಿಂದ 17 ವರ್ಷದವರಲ್ಲಿ ಮೂವರಲ್ಲಿ ಒಬ್ಬರಿಗೆ ಹಿಂದಿನ ಒಂದು ವರ್ಷದಲ್ಲಿ ಏನೋ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆ ಅನ್ನುವ ಮಟ್ಟಕ್ಕೆ ಹೋದವರು 20ರಲ್ಲಿ ಒಬ್ಬರು. ತೊಂದರೆ ಇದ್ದವರಲ್ಲಿ ಯಾವುದಾದರೂ ಸೇವೆ ಪಡೆದವರು ಶೇ 2.6 ಮಾತ್ರ. ನನ್ನ ಕಣ್ಣು ನಿಂತದ್ದು ಇನ್ನೊಂದು ಅಂಕಿಯ ಮೇಲೆ. ನಮ್ಮ ಹುಡುಗನಿಗೆ ಸಹಾಯ ಬೇಕು ಅಂತ ಗೊತ್ತಾಗಿಯೂ ಹೋಗದ ಪೋಷಕರಲ್ಲಿ ಶೇ 40ಕ್ಕಿಂತ ಜಾಸ್ತಿ ಜನ ಹೇಳಿದ್ದು, ಮನೆಯಲ್ಲೇ, ನಮ್ಮವರ ನಡುವೆಯೇ ಸರಿಮಾಡಿಕೊಳ್ಳುತ್ತೇವೆ ಅಂತ. ಹತ್ತಿರದಲ್ಲಿ ಸೌಲಭ್ಯವೇ ಇಲ್ಲದ ಊರುಗಳೂ ಬೇಕಾದಷ್ಟಿವೆ. ಯೋಗ್ಯಕರ್ತ ನಗರ ಮತ್ತು ಪಕ್ಕದ ಸ್ಲೆಮಾನ್ ಜಿಲ್ಲೆ ಈ ವಿಷಯದಲ್ಲಿ ಮುಂದಿವೆ. ಅಲ್ಲಿ ಪುಸ್ಕೆಸ್ಮಾಸ್ ಅನ್ನುವ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೇ ಮನಶ್ಶಾಸ್ತ್ರಜ್ಞರು ಕೂತಿರುತ್ತಾರೆ.

ಈಗ ನನಗೆ ಬಹಳ ಇಷ್ಟವಾದ ಭಾಗ. ದಿದಿ ಕೆಂಪೋತ್ ಎಂಬ ಗಾಯಕ. 1966ರಲ್ಲಿ ಹುಟ್ಟಿದ್ದು, ಸೋಲೋದವರು. ಬೀದಿಬದಿ ಹಾಡಿಕೊಂಡು ಬಂದವರು. ಗಮೆಲಾನ್ ಎಂಬ ಜಾವಾದ ವಾದ್ಯಮೇಳದ ಜೊತೆ ಕೀಬೋರ್ಡ್, ಗಿಟಾರ್ ಬೆರೆಸಿದ ಚಂಪುರ್ಸಾರಿ ಶೈಲಿ ಅವರದು. ಹಾಡುಗಳೆಲ್ಲ ಪ್ರೀತಿಯಲ್ಲಿ ಸೋತವರ ಕಥೆ, ರೈಲ್ವೆ ಸ್ಟೇಷನ್ನಿನಲ್ಲಿ ಬಿಟ್ಟು ಹೋದವರ ಕಥೆ. ಬಹಳ ಕಾಲ ಇದು ಅಪ್ಪಅಮ್ಮಂದಿರ ಕಾಲದ ಸಂಗೀತ, ಹಳ್ಳಿ ಮದುವೆಯ ಸಂಗೀತ ಅಂತಲೇ ಇತ್ತು. 2019ರಲ್ಲಿ ಏನಾಯಿತೋ, ಇಪ್ಪತ್ತರ ಹುಡುಗ ಹುಡುಗಿಯರು ಸಾವಿರಗಟ್ಟಲೆ ಅವರ ಕಾರ್ಯಕ್ರಮಕ್ಕೆ ನುಗ್ಗಿದರು. ತಮ್ಮನ್ನು ಸೊಬಾತ್ ಅಂಬ್ಯಾರ್, ಅಂದರೆ ನುಚ್ಚುನೂರಾದವರ ಬಳಗ ಅಂತ ಕರೆದುಕೊಂಡರು. ಕೆಂಪೋತ್ ಅವರನ್ನು ‘ಮುರಿದ ಹೃದಯಗಳ ಗಾಡ್‌ಫಾದರ್’ ಅಂದರು.

ಆ ವಿಡಿಯೊಗಳನ್ನು ನೋಡಿ. ಹುಡುಗರು ಬಿಕ್ಕಿ ಬಿಕ್ಕಿ ಅಳುತ್ತಾ ಹಾಡುತ್ತಾರೆ, ಒಂದು ಪದವೂ ತಪ್ಪುವುದಿಲ್ಲ. ತಾಳ ಏರಿದಾಗ ಅದೇ ಹುಡುಗರು ಕೈ ಎತ್ತಿ ಕುಣಿಯುತ್ತಾರೆ. ನಡುವೆ ಚೆಂದೋಲ್ ದಾವೆತ್ ಎಂಬ ತಂಪು ಪಾನೀಯ ಮಾರುವವರ ಕೂಗನ್ನು ಇಡೀ ಮೈದಾನ ಒಟ್ಟಿಗೆ ಕೂಗುತ್ತದೆ. ಹೃದಯ ಒಡೆದದ್ದಕ್ಕೆ ಕುಣಿದುಬಿಡೋಣ ಅನ್ನುವುದೇ ಅವರ ಘೋಷಣೆ. ಗಂಡಸು ಹತ್ತು ಜನರ ಮುಂದೆ ಅಳಬಾರದು ಅನ್ನುವ ಸಮಾಜ ಇದು, ನೆನಪಿಡಿ. ಹಾಡಿನ ಭಾಷೆ ಹೆಚ್ಚಾಗಿ ಙೊಕೊ. ಮನೆಯಲ್ಲಿ ಕ್ರೊಮೊ ಬರುವುದಿಲ್ಲ ಅಂತ ಬೈಸಿಕೊಂಡವರು ಇಲ್ಲಿ ಜಾವಾ ಭಾಷೆಯಲ್ಲೇ ದನಿ ತೆಗೆದರು. ಇಲ್ಲಿ ಅವರಿಗೆ ಯಾರೂ ಅಂಕ ಕೊಡುವುದಿಲ್ಲ, ತಪ್ಪು ತಿದ್ದುವುದಿಲ್ಲ. ಕೆಂಪೋತ್ 2020ರ ಮೇ 5ರಂದು ತೀರಿಕೊಂಡರು, 53 ವರ್ಷಕ್ಕೆ. ಅವರ ನಂತರ ಡೆನ್ನಿ ಚಕ್ನಾನ್ ಥರದ ಚಿಕ್ಕ ವಯಸ್ಸಿನ ಗಾಯಕರು ಬಂದಿದ್ದಾರೆ, ಜಾವಾ ಭಾಷೆಯ ಹಾಡಿಗೆ ಮಾರುಕಟ್ಟೆ ಬೆಳೆಯುತ್ತಲೇ ಇದೆ.

ಹಾಡು ಕೇಳಿ ಅತ್ತರೆ ಖಿನ್ನತೆ ವಾಸಿಯಾಗುತ್ತೆ ಅಂತ ನಾನು ಹೇಳುತ್ತಿಲ್ಲ. ವಿದ್ಯಾರ್ಥಿಗಳು ದಯವಿಟ್ಟು ಹಾಗೆ ಬರೆದುಕೊಳ್ಳಬೇಡಿ.

ನೇರ ಮಾತಿಗೆ ಹಳೇ ಆಸರೆಯೂ ಇದೆ. ಜಾವಾದ ತೊಗಲುಗೊಂಬೆಯಾಟ ವಯಾಂಗ್‌ನಲ್ಲಿ ನಮ್ಮ ಭೀಮ ಇದ್ದಾನೆ. ಅಲ್ಲಿ ಅವನ ಹೆಸರು ವೆರ್ಕುದೊರೊ, ನಮ್ಮ ವೃಕೋದರನೇ. ಈ ಭೀಮ ಯಾರ ಹತ್ತಿರವೂ ಕ್ರೊಮೊ ಆಡುವುದಿಲ್ಲ. ಅಣ್ಣನಿಗೂ ಙೊಕೊ, ಗುರು ದ್ರೋಣನಿಗೂ ಙೊಕೊ, ದೇವತೆಗಳಿಗೂ ಙೊಕೊ. ಅವನನ್ನು ಯಾರೂ ಮರ್ಯಾದೆಗೆಟ್ಟವನು ಅನ್ನುವುದಿಲ್ಲ. ಒಳಗೊಂದು ಹೊರಗೊಂದು ಇಲ್ಲದವನು ಅಂತ ಗೌರವಿಸುತ್ತಾರೆ. ಪಾವನ ಜಲ ತಾ ಅಂತ ದ್ರೋಣ ಅವನನ್ನು ಸಮುದ್ರಕ್ಕೆ ಕಳಿಸುತ್ತಾನೆ, ಸಾಯಲಿ ಅಂತಲೇ. ಅಲ್ಲಿ ಹಾವಿನ ಜೊತೆ ಹೋರಾಡಿ ಮುಂದೆ ಹೋದಾಗ ದೇವರುಚಿ ಎದುರಾಗುತ್ತಾನೆ. ನೋಡಲು ಭೀಮನ ಹಾಗೇ, ಆದರೆ ಅಂಗೈಯಷ್ಟು ಪುಟ್ಟವನು. ‘ನನ್ನ ಎಡಗಿವಿಯೊಳಗೆ ಬಾ’ ಅನ್ನುತ್ತಾನೆ. ಅವನೊಬ್ಬನ ಮುಂದೆ ಮಾತ್ರ ಭೀಮ ಕ್ರೊಮೊ ಆಡುತ್ತಾನೆ. ಕುಮಾರವ್ಯಾಸ ಓದಿದವರಿಗೆ ಈ ಕಥೆ ಹೊಸದು. ಇದು ಜಾವಾದವರೇ ಕಟ್ಟಿಕೊಂಡದ್ದು. ಅರ್ಜುನನ ಹಾಗೆ ನಯವಾಗಿರಬಹುದು, ಭೀಮನ ಹಾಗೆ ನೇರವಾಗಿರಬಹುದು. ಒಳ್ಳೆಯವರಾಗಲು ಒಂದಕ್ಕಿಂತ ಹೆಚ್ಚು ಮಾದರಿ ಅಲ್ಲಿದೆ.

ಇನ್ನೊಬ್ಬರು ಕಥೆಯವರಲ್ಲ, ನಿಜದವರು. ಕಿ ಅಗೆಂಗ್ ಸುರ್ಯೊಮೆಂತಾರಮ್, 1892ರಿಂದ 1962. ಯೋಗ್ಯಕರ್ತದ ಏಳನೇ ಸುಲ್ತಾನರ 55ನೇ ಮಗ. ಅರಮನೆಯಲ್ಲಿ ಬೆಳೆದ ಈ ರಾಜಕುಮಾರನಿಗೆ ಒಂದೇ ಕೊರಗು: ನಾನು ಇಲ್ಲಿಯವರೆಗೆ ಒಬ್ಬ ಮನುಷ್ಯನನ್ನೂ ಭೇಟಿಯಾಗಿಲ್ಲ. ಬರುವವರು ಕೈಮುಗಿಯುತ್ತಾರೆ, ಅಪ್ಪಣೆ ಕೇಳುತ್ತಾರೆ, ಏನಾದರೂ ಬೇಡುತ್ತಾರೆ. ಮನುಷ್ಯ ಎಲ್ಲಿ? ಕಾರ್ತಿನಿ ಕೆಳಗೆ ಕೂತವರನ್ನು ನೋಡಿ ಬರೆದದ್ದನ್ನೇ ಇವರು ಮೇಲೆ ಕೂತು ಅನುಭವಿಸಿದರು. ಒಂದು ದಿನ ಅರಮನೆಯಿಂದ ತಪ್ಪಿಸಿಕೊಂಡು ಹೋಗಿ, ಹೆಸರು ಬದಲಿಸಿಕೊಂಡು ಬಾತಿಕ್ ಬಟ್ಟೆ ಮಾರಿದರು. ಹುಡುಕಿಕೊಂಡು ಬಂದವರಿಗೆ ಕ್ರೊಯಾ ಎಂಬ ಊರಲ್ಲಿ ಬಾವಿ ತೋಡುತ್ತಾ ಸಿಕ್ಕರು! 1921ರಲ್ಲಿ ಅಪ್ಪ ತೀರಿಕೊಂಡ ಮೇಲೆ ರಾಜಕುಮಾರನ ಪಟ್ಟ ಬಿಟ್ಟು, ಸಲಾತಿಗಾ ಹತ್ತಿರ ಬೇಸಾಯ ಮಾಡಿಕೊಂಡಿದ್ದರು.

ಅಲ್ಲಿ ಅವರು ಕಟ್ಟಿದ ವಿಚಾರಕ್ಕೆ ಕವ್ರುಹ್ ಜೀವಾ, ಅಂದರೆ ಮನಸ್ಸಿನ ತಿಳಿವು ಅಂತ ಹೆಸರು. ಆಸೆ ಈಡೇರಿದರೆ ಹಿಗ್ಗುತ್ತದೆ, ಇನ್ನಷ್ಟು ಕೇಳುತ್ತದೆ. ಈಡೇರದಿದ್ದರೆ ಕುಗ್ಗುತ್ತದೆ, ಇದ್ದದ್ದರಲ್ಲೇ ಸಮಾಧಾನ ಹುಡುಕುತ್ತದೆ. ಹಾಗಾಗಿ ಯಾವ ಸುಖವೂ ನಿಲ್ಲುವುದಿಲ್ಲ, ಯಾವ ದುಃಖವೂ ನಿಲ್ಲುವುದಿಲ್ಲ ಅನ್ನುವುದು ಅದರ ತಿರುಳು. ಇಷ್ಟನ್ನು ನಮ್ಮ ಯಾವ ಹರಿಕಥೆ ದಾಸರೂ ಹೇಳಿಯಾರು. ನನಗೆ ಮುಖ್ಯ ಅನಿಸುವುದು ಅವರ ವಿಧಾನ. ಕೊಂಡೊ-ತಕೊನ್, ಅಂದರೆ ಹೇಳುವುದು ಮತ್ತು ಕೇಳುವುದು. ನಾಲ್ಕಾರು ಜನ ಕೂರುತ್ತಾರೆ. ಒಬ್ಬ ತನಗೆ ಏನಾಗುತ್ತಿದೆ ಅಂತ ಹೇಳುತ್ತಾನೆ. ಉಳಿದವರು ಬುದ್ಧಿ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾರೆ: ಯಾವಾಗ ಹಾಗನಿಸಿತು? ನಿನಗೆ ಏನು ಬೇಕಿತ್ತು? ಸಿಕ್ಕಿದ್ದರೆ ಆಮೇಲೆ? ಅಲ್ಲಿ ಗುರು ಇಲ್ಲ, ಎಲ್ಲರೂ ಕಲಿಯುವವರೇ. ಈ ಕೂಟಗಳು ಈಗಲೂ ನಡೆಯುತ್ತವೆ, ಗಜಾಃ ಮಾದಾದ ಮನಶ್ಶಾಸ್ತ್ರಜ್ಞರು ಇವುಗಳ ಮೇಲೆ ಕೆಲಸ ಮಾಡಿದ್ದಾರೆ. ಒಬ್ಬ ಜಾವಾ ಹುಡುಗನಿಗೆ ಆಪ್ತ ಸಮಾಲೋಚನೆ ಅನ್ನುವುದು ಹೊರಗಿಂದ ಬಂದ ಪದ್ಧತಿ ಅನಿಸಿದರೆ, ತೋರಿಸಲು ಅವನ ಊರಿನದೇ ಒಂದು ಪದ್ಧತಿ ಇದೆ.

ಸರ್ಕಾರ ಕೊಡುವ ಗುರುತು ಹೇಗಿದೆ? ಯೋಗ್ಯಕರ್ತದಲ್ಲಿ ಕಮಿಸ್ ಪಾಹಿಂಗ್ ಎಂಬ ದಿನ, ಅಂದರೆ 35 ದಿನಕ್ಕೊಮ್ಮೆ ಬರುವ ಒಂದು ಗುರುವಾರ, ಶಾಲಾ ಮಕ್ಕಳು ಮತ್ತು ನೌಕರರು ಸಾಂಪ್ರದಾಯಿಕ ಉಡುಪು ಹಾಕಬೇಕು. ಶಾಲೆಯಲ್ಲಿ ಜಾವಾ ಭಾಷೆ ಒಂದು ವಿಷಯ, ಅದರಲ್ಲಿ ಕ್ರೊಮೊಗೆ ಪರೀಕ್ಷೆ. ಚೆಂದ ಕಾಣುತ್ತದೆ, ಬೇಡ ಅನ್ನಲಾರೆ. ಆದರೆ ಕಾರ್ತಿನಿಗೆ ಏನಾಯಿತು ನೋಡಿ. ಅವಳು 1904ರಲ್ಲಿ, 25ನೇ ವಯಸ್ಸಿಗೆ, ಹೆರಿಗೆಯಾದ ನಾಲ್ಕೇ ದಿನಕ್ಕೆ ಸತ್ತಳು. 1964ರಲ್ಲಿ ಅವಳನ್ನು ರಾಷ್ಟ್ರೀಯ ವೀರರ ಸಾಲಿಗೆ ಸೇರಿಸಿದರು. ಅವಳ ಹುಟ್ಟುಹಬ್ಬ ಏಪ್ರಿಲ್ 21ಕ್ಕೆ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಕೆಬಾಯಾ ಎಂಬ ಸಾಂಪ್ರದಾಯಿಕ ಕುಪ್ಪಸ ತೊಡಿಸಿ, ತುರುಬು ಕಟ್ಟಿ, ಮೆರವಣಿಗೆ ಮಾಡಿಸಿ ಬಹುಮಾನ ಕೊಡುತ್ತಾರೆ. ತೆವಳುವುದು ಬಿಟ್ಟೆವು ಅಂತ ಬರೆದ ಹುಡುಗಿಯಿಂದ ಬಟ್ಟೆ ಬರೆಯಷ್ಟನ್ನು ಇಟ್ಟುಕೊಂಡರು. ಇದು ಜಾವಾದ ತಪ್ಪು ಮಾತ್ರ ಅಲ್ಲ ಬಿಡಿ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ಇಷ್ಟು ನಯದ ಜನರಲ್ಲಿ ಹಿಂಸೆ ಇಲ್ಲವಾ ಅಂತ ಒಬ್ಬರು. ಇದೆ. ಯೋಗ್ಯಕರ್ತದಲ್ಲಿ ಹೈಸ್ಕೂಲ್ ವಯಸ್ಸಿನ ಹುಡುಗರು ರಾತ್ರಿ ಬೈಕಿನಲ್ಲಿ ತಿರುಗುತ್ತಾ, ಗುರುತು ಪರಿಚಯ ಇಲ್ಲದವರ ಮೇಲೂ ಮಚ್ಚು ಬೀಸುವ ಪ್ರಕರಣಗಳು ನಡೆಯುತ್ತಲೇ ಇವೆ. ಅದಕ್ಕೆ ಕ್ಲಿತಿಹ್ ಅನ್ನುತ್ತಾರೆ. ಶಾಲಾ ಗುಂಪುಗಳ ಪೈಪೋಟಿ ಅದರ ಹಿಂದಿದೆ. ನುಂಗಿಕೊಂಡ ಸಿಟ್ಟೇ ಹೀಗೆ ಹೊರಬರುತ್ತೆ ಅಂತ ಸಲೀಸಾಗಿ ಹೇಳಿಬಿಡಬಹುದು. ನಾನು ಹೇಳುವುದಿಲ್ಲ.

ಜಾತಕ ಕೂಡಿಬರದೆ ಮದುವೆ ಮುರಿಯುವುದು ಅಲ್ಲೂ ಇದೆಯಾ ಅಂತ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು. ಇದೆ. ಏಳು ದಿನದ ವಾರದ ಜೊತೆ ಅವರಿಗೆ ಐದು ದಿನದ ಇನ್ನೊಂದು ವಾರ ಇದೆ. ಎರಡೂ ಸೇರಿ ಹುಟ್ಟಿದ ದಿನದ ವೆತೊನ್. ಪ್ರತಿ ದಿನಕ್ಕೆ ಒಂದು ಅಂಕಿ. ಕ್ಲಿವೊನ್, ಪೊನ್ ಅನ್ನುವುದೆಲ್ಲ ಆ ಐದು ದಿನದ ವಾರದ ದಿನಗಳು. ಹುಡುಗಿ ಬುಧವಾರ ಕ್ಲಿವೊನ್ ದಿನ ಹುಟ್ಟಿದ್ದರೆ ಬುಧವಾರಕ್ಕೆ 7, ಕ್ಲಿವೊನ್‌ಗೆ 8, ಒಟ್ಟು 15. ಹುಡುಗ ಭಾನುವಾರ ಪೊನ್ ದಿನ ಹುಟ್ಟಿದ್ದರೆ 5 ಮತ್ತು 7, ಒಟ್ಟು 12. ಇಬ್ಬರದೂ ಸೇರಿ 27. ಒಂದು ಪಟ್ಟಿಯ ಪ್ರಕಾರ 27 ಬಂದರೆ ಗಂಡಹೆಂಡಿರು ಬೇರೆಯಾಗುತ್ತಾರೆ. ಕಾಲೇಜು ಓದಿದ ಹುಡುಗ ಹುಡುಗಿಯರೂ ಇದಕ್ಕಾಗಿ ಪ್ರೀತಿಸಿದವರನ್ನು ಬಿಡುತ್ತಾರೆ. ಅಪ್ಪನಿಗೆ ಎದುರಾಡಲು ಸುಂಕನ್. ಆದರೆ ಲೆಕ್ಕ ಹಾಕುವ ರೀತಿ ಒಂದೇ ಅಲ್ಲ. ಹಿರಿಯರಿಂದ ಹಿರಿಯರಿಗೆ ಪಟ್ಟಿ ಬೇರೆ. ದಿನ, ಹೊತ್ತು ಬದಲಿಸಿ ದೋಷ ಕಳೆಯುವ ಉಪಾಯಗಳೂ ಇವೆ. ಹಾಗಾಗಿ ಜಾಣ ಹುಡುಗರು ಅಪ್ಪನ ಜೊತೆ ವಾದಕ್ಕೆ ಹೋಗುವುದಿಲ್ಲ. ಯಾರಾದರೂ ಚಿಕ್ಕಪ್ಪನನ್ನು ಒಪ್ಪಿಸಿ, ಪಕ್ಕದೂರಿನ ಇನ್ನೊಬ್ಬ ಅಜ್ಜನ ಹತ್ತಿರ ಬೇರೆ ಲೆಕ್ಕ ಹಾಕಿಸಿಕೊಂಡು ಬರುತ್ತಾರೆ.